ಸಿಟಿ ಸ್ಕ್ಯಾನ್‌ನಲ್ಲಿ ‘60% ಕಂಪ್ರೆಷನ್’ ಅಂತ ಬಂದರೆ ಸ್ಟೆಂಟ್ ಹಾಕಿಸಲೇಬೇಕಾ?

ಪ್ರಶ್ನೆ: ನನಗೆ 36 ವರ್ಷ, ಇಬ್ಬರು ಮಕ್ಕಳು. ಶಾಲೆಯಲ್ಲಿ ಪಾಠ ಮಾಡುತ್ತೇನೆ, ದಿನವಿಡೀ ನಿಂತೇ ಇರಬೇಕು. ಎರಡನೇ ಹೆರಿಗೆ ಆದಾಗಿನಿಂದ ಎಡಗಾಲು ಸಂಜೆ ಹೊತ್ತಿಗೆ ಊದುತ್ತದೆ, ಭಾರ ಅನಿಸುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ನಮ್ಮೂರಲ್ಲಿ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿ, ರಕ್ತ ಹೆಪ್ಪುಗಟ್ಟಿಲ್ಲ, ನಾರ್ಮಲ್ ಅಂದರು. ಬೇರೆ ಕಡೆ ಸಿಟಿ ವೆನೋಗ್ರಾಮ್, ಅಂದರೆ ವೇನ್‌ಗಳನ್ನು (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳನ್ನು) ತೋರಿಸುವ ಸಿಟಿ ಸ್ಕ್ಯಾನ್ ಮಾಡಿಸಿದೆ. ಸೊಂಟದೊಳಗಿನ ಎಡ ಇಲಿಯಾಕ್ ವೇನ್ 60% ಅಮುಕಿಹೋಗಿದೆ, ಮೇ-ಥರ್ನರ್ ಸಿಂಡ್ರೋಮ್ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಸ್ಟೆಂಟ್ (ನಾಳವನ್ನು ಒಳಗಿನಿಂದ ಅರಳಿಸಿ ಇಡುವ ಜಾಲರಿ ಕೊಳವೆ) ಹಾಕಿಸಿ ಅಂತಾರೆ, ಇನ್ನೊಬ್ಬರು ಎಂಆರ್ (ಎಂಆರ್‌ಐ ಸ್ಕ್ಯಾನ್) ಮಾಡಿಸಿ ನೋಡೋಣ ಅಂತಾರೆ, ಮೂರನೆಯವರು ಐವಸ್ (ವೇನಿನ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್) ಇಲ್ಲದೆ ಏನೂ ಬೇಡ ಅಂತಾರೆ. ಯಾವ ಸ್ಕ್ಯಾನ್ ನಂಬಲಿ?

ಉತ್ತರ: ನೇರವಾಗಿಯೇ ಹೇಳುತ್ತೇನೆ. ರಿಪೋರ್ಟಿನಲ್ಲಿ 60% ಅಂತ ಇದೆ ಅನ್ನುವ ಒಂದೇ ಕಾರಣಕ್ಕೆ ಸ್ಟೆಂಟ್ ಹಾಕಿಸಬೇಡಿ. ಹಾಗಂತ ಆ ರಿಪೋರ್ಟನ್ನು ಪಕ್ಕಕ್ಕೆ ಇಡುವುದೂ ಬೇಡ. ಡಾಪ್ಲರ್ ಮಾಡಿದವರು ಹುಡುಕಿದ್ದು ಕಾಲಿನಲ್ಲಿ ಹೆಪ್ಪು ಇದೆಯಾ ಅಂತ. ಸಿಟಿ ಓದಿದವರು ನೋಡಿದ್ದು ಹೊಟ್ಟೆಯೊಳಗಿನ ದೊಡ್ಡ ವೇನ್ ಯಾವ ಆಕಾರದಲ್ಲಿದೆ ಅಂತ. ಎರಡೂ ನಿಜ ಇರಬಹುದು. ನಿಮಗೆ ಬೇಕಾಗಿರುವುದು ಮೂರನೇ ಪ್ರಶ್ನೆಯ ಉತ್ತರ: ಆ ಅಮುಕಿನಿಂದಲೇ ನಿಮ್ಮ ಕಾಲು ಊದುತ್ತಿದೆಯಾ? ಇದನ್ನು ಯಾವ ಸ್ಕ್ಯಾನೂ ಒಂಟಿಯಾಗಿ ಹೇಳಲಾರದು. ನಾನು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಸ್ಕ್ಯಾನ್ ಓದುವುದೂ ನನ್ನ ಕೆಲಸ, ಸ್ಟೆಂಟ್ ಹಾಕುವುದೂ ನನ್ನ ಕೆಲಸ. ಸರಿಯಾದ ಕಾಲಿಗೆ ಹಾಕಿದ ಸ್ಟೆಂಟ್ ವರ್ಷಗಟ್ಟಲೆ ವಾಸಿಯಾಗದ ಹುಣ್ಣನ್ನು ಒಣಗಿಸಿದ್ದನ್ನು ನೋಡಿದ್ದೇನೆ. ಅದಕ್ಕೇ ಬೇಡದ ಕಾಲಿಗೆ ಅದು ಹೋಗಬಾರದು ಅನ್ನುವುದು ನನಗೆ ಅಷ್ಟು ಮುಖ್ಯ.

ಮೊದಲು ಒಳಗೆ ಏನಾಗಿದೆ ಅಂತ ನೋಡೋಣ. ಹೃದಯದಿಂದ ಕೆಳಗೆ ಬರುವ ದೊಡ್ಡ ಅಪಧಮನಿ ಹೊಕ್ಕುಳದ ಮಟ್ಟದಲ್ಲಿ ಎರಡಾಗಿ ಸೀಳಿಕೊಂಡು ಒಂದೊಂದು ಕಾಲಿಗೆ ಹೋಗುತ್ತದೆ. ಎಡಗಾಲಿನಿಂದ ಮೇಲೆ ಬರುವ ವೇನ್ ಬಲಗಡೆಯ ದೊಡ್ಡ ವೇನಿಗೆ ಸೇರಬೇಕಾದರೆ ಬಲಗಾಲಿಗೆ ಹೋಗುವ ಅಪಧಮನಿಯ ಅಡಿಯಲ್ಲಿ ನುಸುಳಿ ಹೋಗಬೇಕು. ಮುಂದೆ ಮಿಡಿಯುವ ಅಪಧಮನಿ, ಹಿಂದೆ ಗಟ್ಟಿ ಬೆನ್ನುಮೂಳೆ, ನಡುವೆ ತೆಳು ಗೋಡೆಯ ವೇನ್. ಅಪಧಮನಿಯೊಳಗಿನ ಒತ್ತಡ ನೂರರ ಆಸುಪಾಸು, ವೇನಿನೊಳಗೆ ಮಲಗಿದಾಗ ಹತ್ತರ ಆಸುಪಾಸು. ಹಾಗಾಗಿ ಒಂದಿಷ್ಟು ಅಮುಕುವುದು ಹೆಚ್ಚುಕಮ್ಮಿ ಎಲ್ಲರಲ್ಲೂ ಇದ್ದದ್ದೇ. ಕೆಲವರಲ್ಲಿ ಮಾತ್ರ ವರ್ಷಾನುಗಟ್ಟಲೆ ಆ ಮಿಡಿತದ ಉಜ್ಜಾಟಕ್ಕೆ ವೇನಿನ ಒಳಗೋಡೆಯಲ್ಲಿ ನಾರಿನಂಥ ಎಳೆಗಳು ಬೆಳೆಯುತ್ತವೆ.

ಎಡಗಾಲಿನಲ್ಲೇ ಯಾಕೆ ಜಾಸ್ತಿ ಹೆಪ್ಪುಗಟ್ಟುತ್ತದೆ ಅಂತ ಜರ್ಮನಿಯ ವಿರ್ಚೋ 1851ರಲ್ಲೇ ಗಮನಿಸಿದ್ದರು. 1957ರಲ್ಲಿ ಮೇ ಮತ್ತು ಥರ್ನರ್ ಅನ್ನುವ ಇಬ್ಬರು 430 ಶವಗಳನ್ನು ಪರೀಕ್ಷಿಸಿ, 22%ರಷ್ಟರಲ್ಲಿ ಈ ಎಳೆಗಳನ್ನು ಕಂಡರು. ಆ 22% ಜನರೆಲ್ಲ ಕಾಲಿನ ತೊಂದರೆಯಿಂದ ತೀರಿಕೊಂಡವರಲ್ಲ, ಅಲ್ವಾ? 2004ರಲ್ಲಿ ಬಂದ ಇನ್ನೊಂದು ಅಧ್ಯಯನ ನಿಮಗೆ ಇನ್ನೂ ಹತ್ತಿರದ್ದು. ಹೊಟ್ಟೆನೋವಿಗೆ ಸಿಟಿ ಮಾಡಿಸಿಕೊಂಡ, ಕಾಲಿನ ದೂರು ಏನೂ ಇಲ್ಲದ 50 ಜನರ ಚಿತ್ರಗಳನ್ನು ಅಳೆದರು. ಸುಮಾರು ನಾಲ್ಕರಲ್ಲಿ ಒಂದು ಭಾಗದವರಲ್ಲಿ ಎಡ ವೇನ್ 50%ಗಿಂತ ಜಾಸ್ತಿ ಅಮುಕಿತ್ತು. ಮೂರರಲ್ಲಿ ಎರಡು ಭಾಗದವರಲ್ಲಿ 25%ಗಿಂತ ಜಾಸ್ತಿ. ಅಂದರೆ ನಿಮ್ಮ ಸ್ಟಾಫ್ ರೂಮಿನಲ್ಲಿ ಕೂತವರನ್ನೆಲ್ಲ ಸಿಟಿಗೆ ಹಾಕಿದರೆ, ಯಾವ ಊತವೂ ಇಲ್ಲದ ಕೆಲವರಿಗೆ ನಿಮ್ಮಂಥದ್ದೇ ರಿಪೋರ್ಟ್ ಬರಬಹುದು.

ಹಾಗಾದರೆ ಇದು ಕಾಯಿಲೆಯೇ ಅಲ್ವಾ ಅಂದರೆ, ಹಾಗೂ ಅಲ್ಲ. ಅಮೆರಿಕದ ಮಿಸಿಸಿಪಿಯಲ್ಲಿ ಕೆಲಸ ಮಾಡಿದ ಶೇಷಾದ್ರಿ ರಾಜು ಮತ್ತು ಪೀಟರ್ ನೆಗ್ಲೆನ್ 2006ರಲ್ಲಿ ಒಂದು ವಿವರಣೆ ಕೊಟ್ಟರು, ನನಗೆ ಇವತ್ತಿಗೂ ಅದೇ ಸರಿ ಅನಿಸುತ್ತದೆ. ಈ ಅಮುಕು ಬಹಳ ಜನರಲ್ಲಿ ಸುಮ್ನೆ ಕೂತಿರುತ್ತದೆ. ಕಾಲಿಗೆ ಇನ್ನೊಂದು ಹೊರೆ ಬಿದ್ದಾಗ, ಅದು ಹೆಪ್ಪು ಇರಬಹುದು, ಪೆಟ್ಟು ಇರಬಹುದು, ಚರ್ಮದ ಸೋಂಕು ಇರಬಹುದು, ವಾಲ್ವ್ ಕೆಟ್ಟು ರಕ್ತ ಹಿಂದಕ್ಕೆ ಜಾರುವುದು ಇರಬಹುದು, ಆಗ ಅಷ್ಟು ದಿನ ಸಂಭಾಳಿಸಿಕೊಂಡಿದ್ದ ಕಾಲು ಕೈಚೆಲ್ಲುತ್ತದೆ. ನಿಮಗೆ ಹೆರಿಗೆಯ ನಂತರ ಶುರುವಾಯಿತು ಅಂದಿರಿ. ಈ ವಿವರಣೆಗೆ ಅದು ಹೊಂದುತ್ತದೆ. ಆದರೆ ಹೊಂದುತ್ತದೆ ಅನ್ನುವುದಕ್ಕೂ ಸಾಬೀತಾಗಿದೆ ಅನ್ನುವುದಕ್ಕೂ ದೂರ ಇದೆ. ಆ ಇನ್ನೊಂದು ಹೊರೆ ಯಾವುದು ಅಂತ ಹುಡುಕಿದರೆ, ಎಷ್ಟೋ ಸಲ ಅದನ್ನು ಸರಿಮಾಡುವುದೇ ಸಾಕಾಗುತ್ತದೆ.

ಈಗ ಒಂದೊಂದೇ ಸ್ಕ್ಯಾನ್. ಡಾಪ್ಲರ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ವಿಷಯದಲ್ಲಿ ಅದನ್ನು ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ. ನಮ್ಮ ಕಡೆ ಕಾಲಿನ ಡಾಪ್ಲರ್ ಅಂದರೆ ಬಹುತೇಕ ತೊಡೆಸಂದಿಯಿಂದ ಮೀನಖಂಡದವರೆಗೆ ಪ್ರೋಬ್ ಒತ್ತಿ, ವೇನ್ ಒತ್ತಿದರೆ ಮುಚ್ಚುತ್ತದಾ ಅಂತ ನೋಡಿ, ಹೆಪ್ಪು ಇಲ್ಲ ಅಂತ ಬರೆಯುವುದು. ಅದಕ್ಕೆ ಹತ್ತು ನಿಮಿಷ ಸಾಕು. ಆದರೆ ನಿಮಗೆ ಬೇಕಾದ ಡಾಪ್ಲರ್ ಬೇರೆ. ನಿಮ್ಮನ್ನು ನಿಲ್ಲಿಸಿ, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಜಾರುತ್ತದೆ ಅಂತ ಅಳೆಯಬೇಕು. ಮೇಲ್ಪದರದ ವೇನ್‌ಗಳಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ, ತೊಡೆ ಮತ್ತು ಮೊಣಕಾಲಿನ ಆಳದ ವೇನ್‌ಗಳಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಜಾರಿದರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ. ಮಲಗಿಸಿ ಮಾಡಿದರೆ ಇದು ಸರಿಯಾಗಿ ಗೊತ್ತಾಗುವುದಿಲ್ಲ.

ಆಮೇಲೆ ತೊಡೆಸಂದಿಯಲ್ಲಿ ಎರಡೂ ಕಡೆ ಹರಿವಿನ ಅಲೆ ನೋಡಬೇಕು. ಮಾಮೂಲಾಗಿ ಉಸಿರಿನ ಜೊತೆ ಅದು ಏರಿಳಿಯುತ್ತದೆ. ಬಲಗಡೆ ಏರಿಳಿತ ಇದ್ದು ಎಡಗಡೆ ಸಪಾಟಾಗಿ ಒಂದೇ ಸಮ ಹರಿಯುತ್ತಿದ್ದರೆ, ಮೇಲೆ ಎಲ್ಲೋ ತಡೆ ಇದೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಎರಡೂ ಕಡೆ ಚೆನ್ನಾಗಿದ್ದ ಮಾತ್ರಕ್ಕೆ ತಡೆ ಇಲ್ಲವೇ ಇಲ್ಲ ಅನ್ನಲು ಆಗುವುದಿಲ್ಲ, ಅದು ನೆನಪಿರಲಿ. ಕೊನೆಗೆ ಹೊಟ್ಟೆಯ ಮೇಲಿನಿಂದ ಇಲಿಯಾಕ್ ವೇನನ್ನೇ ನೋಡಿ, ಅಮುಕಿರುವ ಜಾಗದಲ್ಲಿ ರಕ್ತದ ವೇಗ ಅದರ ಕೆಳಗಿನ ಜಾಗಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಇದೆಯಾ ಅಂತ ಅಳೆಯುತ್ತಾರೆ. ಇದಕ್ಕೆ ಸಮಯ ಬೇಕು, ಕೈ ಪಳಗಿರಬೇಕು, ಹೊಟ್ಟೆಯಲ್ಲಿ ಗ್ಯಾಸ್ ಇದ್ದರೆ ಅಥವಾ ದಪ್ಪ ಮೈ ಇದ್ದರೆ ಕಷ್ಟ. ಆದರೂ ವಿಕಿರಣ ಇಲ್ಲ, ಸೂಜಿ ಇಲ್ಲ, ಖರ್ಚು ಕಡಿಮೆ, ಬೇಕಾದಷ್ಟು ಸಲ ಮಾಡಬಹುದು. ರಕ್ತ ಹೇಗೆ ಹರಿಯುತ್ತಿದೆ ಅಂತ ಇಷ್ಟು ಸುಲಭವಾಗಿ ತೋರಿಸುವ ಸ್ಕ್ಯಾನ್ ಬೇರೆ ಇಲ್ಲ.

ಸಿಟಿ ವೆನೋಗ್ರಾಮಿನ ಬಲ ಬೇರೆ ಕಡೆ ಇದೆ. ವೇನಿನ ಸುತ್ತಮುತ್ತ ಏನಿದೆ ಅಂತ ಅದು ಸ್ಪಷ್ಟವಾಗಿ ತೋರಿಸುತ್ತದೆ. ಗರ್ಭಕೋಶದ ಗಡ್ಡೆ, ಅಂಡಾಶಯದ ಗಡ್ಡೆ, ಊದಿದ ಲಿಂಫ್ ಗಂಟು, ಬೆನ್ನುಮೂಳೆಯಿಂದ ಮುಂದಕ್ಕೆ ಚಾಚಿದ ಮೂಳೆ, ಕೆಲವೊಮ್ಮೆ ತುಂಬಿದ ಮೂತ್ರಕೋಶ ಕೂಡ ವೇನನ್ನು ಒತ್ತಬಹುದು. ಒಂದು ಕಾಲು ಮಾತ್ರ ಊದಿರುವ ಹೆಂಗಸಿನಲ್ಲಿ ಇವು ಇಲ್ಲ ಅಂತ ಖಾತ್ರಿ ಆಗುವುದು ದೊಡ್ಡ ವಿಷಯ. ನಿಮ್ಮ ಸಿಟಿಯಲ್ಲಿ ಅಂಥದ್ದೇನೂ ಬರೆದಿಲ್ಲವಾದರೆ ಅದೇ ಒಂದು ಒಳ್ಳೆಯ ಸುದ್ದಿ. ಡೈ (ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಲು ಚುಚ್ಚುವ ದ್ರವ) ಕೊಟ್ಟು ಎರಡು ಮೂರು ನಿಮಿಷ ಕಾದು ಚಿತ್ರ ತೆಗೆದಿದ್ದರೆ ಮಾತ್ರ ವೇನ್‌ಗಳು ತುಂಬಿ ಕಾಣುತ್ತವೆ. ಬೇಗ ತೆಗೆದರೆ ಡೈ ಬೆರೆತ ರಕ್ತ, ಬೆರೆಯದ ರಕ್ತ ಪಕ್ಕಪಕ್ಕ ಕಂಡು ಹೆಪ್ಪು ಇದ್ದ ಹಾಗೆ ಭ್ರಮೆ ಆಗುತ್ತದೆ. ವಿಕಿರಣ ಸುಮಾರು 10 ಮಿಲಿಸೀವರ್ಟ್ ಆಸುಪಾಸು. ಸುಮ್ಮನೆ ಭೂಮಿಯ ಮೇಲೆ ಬದುಕಿದ್ದಕ್ಕೆ ವರ್ಷಕ್ಕೆ ಸರಾಸರಿ 2.4 ಬರುತ್ತದೆ ಅಂತ ಹೋಲಿಸಿಕೊಳ್ಳಿ. ಒಮ್ಮೆ ಮಾಡಿಸಿದ್ದಕ್ಕೆ ಹೆದರಬೇಕಿಲ್ಲ, ಮತ್ತೆ ಮತ್ತೆ ಮಾಡಿಸುವಂಥದ್ದಲ್ಲ ಅಷ್ಟೇ. ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಆದರೆ ಆ 60% ಅನ್ನುವ ಸಂಖ್ಯೆ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲನೆಯದು, ನೀವು ಹೇಗೆ ಮಲಗಿದ್ದಿರಿ, ಎಷ್ಟು ನೀರು ಕುಡಿದಿದ್ದಿರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ, ನೀರೂ ಮುಟ್ಟಿಲ್ಲ, ಬೆಳಿಗ್ಗೆ ಹನ್ನೊಂದಕ್ಕೆ ಅಂಗಾತ ಮಲಗಿಸಿ ಸ್ಕ್ಯಾನ್ ಮಾಡಿದರೆ ವೇನ್ ಒಳಗೆ ರಕ್ತ ಕಡಿಮೆ ಇರುತ್ತದೆ, ಅಪಧಮನಿ ಅದನ್ನು ಸಲೀಸಾಗಿ ಚಪ್ಪಟೆ ಮಾಡುತ್ತದೆ. ಅದೇ ವ್ಯಕ್ತಿಗೆ ಸಲೈನ್ ಕೊಟ್ಟು, ಅಥವಾ ಬೋರಲು ಮಲಗಿಸಿ ನೋಡಿದರೆ ವೇನ್ ಅರಳಿಕೊಂಡಿರಬಹುದು. ಗೋಡೆಯಲ್ಲಿ ಎಳೆ ಬೆಳೆದು ನಿಜವಾಗಿ ಕಿರಿದಾದ ವೇನ್ ಹೀಗೆ ಸುಲಭವಾಗಿ ಅರಳುವುದಿಲ್ಲ. ಇದನ್ನು ಬೇರ್ಪಡಿಸುವುದೇ ಇಲ್ಲಿ ನಿಜವಾದ ಕೆಲಸ.

ಎರಡನೆಯದು, 60% ಅಂದರೆ ಯಾವುದರಲ್ಲಿ 60%? ಸಿಟಿಯಲ್ಲಿ ಬಹಳ ಸಲ ಅಳೆಯುವುದು ಮುಂದಿನಿಂದ ಹಿಂದಿನವರೆಗಿನ ದಪ್ಪ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 12 ಮಿಲಿಮೀಟರ್ ಗುಂಡಗಿದ್ದ ವೇನ್ ಚಪ್ಪಟೆಯಾಗಿ 5 ಮಿಲಿಮೀಟರ್ ದಪ್ಪಕ್ಕೆ ಬಂತು ಅನ್ನಿ. ದಪ್ಪದ ಲೆಕ್ಕದಲ್ಲಿ 58% ಕಡಿಮೆ ಆಯಿತು, ರಿಪೋರ್ಟಿನಲ್ಲಿ ‘ಸುಮಾರು 60%’ ಅಂತ ಬರುತ್ತದೆ. ಆದರೆ ಗೋಡೆಯ ಸುತ್ತಳತೆ ಅಷ್ಟೇ ಉಳಿದಿದ್ದರೆ ಅದು ಅಡ್ಡಕ್ಕೆ 17 ಮಿಲಿಮೀಟರಿನಷ್ಟು ಹರಡಿಕೊಂಡಿರುತ್ತದೆ. ರಕ್ತ ಹರಿಯುವ ಜಾಗ 113 ಚದರ ಮಿಲಿಮೀಟರಿನಿಂದ 68ಕ್ಕೆ ಇಳಿದಿರುತ್ತದೆ, ಅಂದರೆ 40% ಮಾತ್ರ ಕಡಿಮೆ. ಸ್ಟೆಂಟ್ ಬಗ್ಗೆ ಯೋಚಿಸಲು ನಾವು ಸಾಮಾನ್ಯವಾಗಿ ಇಟ್ಟುಕೊಂಡಿರುವ ಗಡಿ ವಿಸ್ತೀರ್ಣದಲ್ಲಿ 50%ಗಿಂತ ಜಾಸ್ತಿ ಇಳಿದಿರಬೇಕು ಅಂತ. ಹಾಗಾಗಿ ಸಿಟಿಯ 60% ಗಡಿ ದಾಟಿರಲೂಬಹುದು, ದಾಟದೆಯೂ ಇರಬಹುದು. ಸಿಟಿ ಮಾಡಿದ ಕಡೆ ಹೋಗಿ ವಿಸ್ತೀರ್ಣ ಅಳೆದು ಕೊಡಿ, ಯಾವುದಕ್ಕೆ ಹೋಲಿಸಿದಿರಿ ಅಂತಲೂ ಬರೆಯಿರಿ ಅಂತ ಕೇಳಿ. ಚಿತ್ರಗಳು ಅವರ ಹತ್ತಿರ ಇರುತ್ತವೆ, ಮತ್ತೆ ಸ್ಕ್ಯಾನ್ ಬೇಕಿಲ್ಲ. ಆ ಚಿತ್ರಗಳಲ್ಲೇ ಇನ್ನೊಂದು ಸುಳಿವೂ ಸಿಗುತ್ತದೆ. ತಡೆ ನಿಜವಾಗಿದ್ದರೆ ಎಷ್ಟೋ ಸಲ ರಕ್ತ ಅಡ್ಡದಾರಿ ಹಿಡಿದು, ಸೊಂಟದ ಒಳಗೆ ಬಲಗಡೆಗೆ ದಾಟುವ ದಪ್ಪ ನಾಳಗಳು ಕಾಣುತ್ತವೆ.

ಎಂಆರ್ ವೆನೋಗ್ರಾಮ್ ವಿಷಯ ಬೇಗ ಮುಗಿಸುತ್ತೇನೆ. ವಿಕಿರಣ ಇಲ್ಲ ಅನ್ನುವುದು ಅದರ ದೊಡ್ಡ ಅನುಕೂಲ. ಬಸುರಿ ಹೆಂಗಸಿಗೆ ಡಾಪ್ಲರ್‌ನಲ್ಲಿ ಸೊಂಟದ ಒಳಗಿನ ಹೆಪ್ಪು ಗೊತ್ತಾಗದಿದ್ದರೆ ಡೈ ಇಲ್ಲದ ಎಂಆರ್ ಒಳ್ಳೆಯ ದಾರಿ. ಸೊಂಟದೊಳಗಿನ ಉಬ್ಬಿದ ವೇನ್‌ಗಳು, ಗರ್ಭಕೋಶ, ಅಂಡಾಶಯ ಎಲ್ಲ ಚೆನ್ನಾಗಿ ಕಾಣುತ್ತವೆ. ಆದರೆ ಡೈ ಇಲ್ಲದ ಕೆಲವು ವಿಧಾನಗಳಲ್ಲಿ ರಕ್ತ ನಿಧಾನವಾಗಿ ಹರಿಯುವ ಕಡೆ ಚಿತ್ರ ಮಂಕಾಗಿ, ಅಮುಕು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅಲ್ಲೂ ನೀವು ಅಂಗಾತವೇ ಮಲಗಿರುತ್ತೀರಿ, ನೀರಿನ ವಿಷಯವೂ ಅದೇ. ಒಬ್ಬರಿಗೇ ಬೇರೆ ಬೇರೆ ದಿನ ಮಾಡಿದ ಎಂಆರ್‌ಗಳಲ್ಲಿ ಅಮುಕಿನ ಪ್ರಮಾಣ ಬೇರೆ ಬೇರೆ ಬಂದದ್ದುಂಟು. ನಿಮಗೆ ಸಿಟಿ ಆಗಿಹೋಗಿದೆ. ಸಿಟಿಯಲ್ಲಿ ಅರ್ಥವಾಗದ ಗಡ್ಡೆ ಏನಾದರೂ ಕಂಡಿದ್ದರೆ ಸರಿ, ಇಲ್ಲದಿದ್ದರೆ ಎಂಆರ್ ನಿಮ್ಮ ನಿರ್ಧಾರವನ್ನು ಬದಲಿಸುವುದು ಕಷ್ಟ. ಆ ದುಡ್ಡು ಉಳಿಸಿ.

ಇನ್ನು ಕ್ಯಾಥೆಟರ್ ವೆನೋಗ್ರಾಮ್. ತೊಡೆಸಂದಿಯ ವೇನಿಗೋ ಮೊಣಕಾಲಿನ ಹಿಂದಿನ ವೇನಿಗೋ ಸಣ್ಣ ನಳಿಕೆ ತೂರಿಸಿ, ಡೈ ಬಿಟ್ಟು, ಎಕ್ಸ್‌ರೇಯಲ್ಲಿ ಹರಿವನ್ನು ನೋಡುವುದು. ದಶಕಗಳ ಕಾಲ ಇದೇ ಕೊನೆಯ ಮಾತಾಗಿತ್ತು. ತೊಂದರೆ ಏನೆಂದರೆ ಈ ವೇನ್ ಅಮುಕುವುದು ಮುಂದಿನಿಂದ ಹಿಂದಕ್ಕೆ, ನಾವು ಚಿತ್ರ ತೆಗೆಯುವುದೂ ಮುಂದಿನಿಂದಲೇ. ಜೋಳದ ರೊಟ್ಟಿಯನ್ನು ಮೇಲಿಂದ ನೋಡಿದರೆ ಅಗಲವಾಗಿ ಕಾಣುತ್ತದೆ, ಎಷ್ಟು ತೆಳು ಅಂತ ಗೊತ್ತಾಗಬೇಕಾದರೆ ಪಕ್ಕದಿಂದ ನೋಡಬೇಕು. ಇಲ್ಲೂ ಹಾಗೆಯೇ. ಅದಕ್ಕೇ ಓರೆಯಾಗಿ ಎರಡೂ ಕಡೆಯಿಂದ ಚಿತ್ರ ತೆಗೆಯಬೇಕು, ಆದರೂ ಕೈತಪ್ಪುತ್ತದೆ. 2002ರಲ್ಲಿ ನೆಗ್ಲೆನ್ ಮತ್ತು ರಾಜು ಪ್ರಕಟಿಸಿದ ಹೋಲಿಕೆಯಲ್ಲಿ, ಐವಸ್‌ನಲ್ಲಿ 70%ಗಿಂತ ಜಾಸ್ತಿ ಕಿರಿದಾದ ವೇನ್‌ಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ವೆನೋಗ್ರಾಮಿಗೆ ಸಿಕ್ಕವು. ತಡೆಯ ಮೇಲೆ ಕೆಳಗೆ ಒತ್ತಡ ಅಳೆದು ವ್ಯತ್ಯಾಸ ನೋಡುತ್ತೇವೆ ಅಂತ ಕೆಲವರು ಹೇಳುತ್ತಾರೆ. ವೇನಿನಲ್ಲಿ ಆ ವ್ಯತ್ಯಾಸ ಎರಡು ಮೂರು ಮಿಲಿಮೀಟರ್ ಪಾದರಸ ಅಷ್ಟೇ, ಮಲಗಿದವರಲ್ಲಿ ಅದೂ ಕಾಣದೆ ಹೋಗಬಹುದು. ನಾನು ಅದರ ಮೇಲೆ ನಿರ್ಧಾರ ಮಾಡುವುದಿಲ್ಲ. ಆದರೆ ರಕ್ತ ಯಾವ ದಿಕ್ಕಿಗೆ ಹೋಗುತ್ತಿದೆ, ಅಡ್ಡದಾರಿಗಳು ಎಲ್ಲಿವೆ, ಸ್ಟೆಂಟ್ ಹಾಕಿದ ಮೇಲೆ ಅವು ಮಾಯವಾದವಾ ಅಂತ ಕಣ್ಣೆದುರೇ ತೋರಿಸುವುದು ವೆನೋಗ್ರಾಮ್. ಹಾಗಾಗಿ ಅದನ್ನು ಬಿಟ್ಟಿಲ್ಲ.

ಐವಸ್ ಅಂದರೆ ವೇನಿನ ಒಳಗಿನಿಂದಲೇ ಮಾಡುವ ಅಲ್ಟ್ರಾಸೌಂಡ್. ತುದಿಯಲ್ಲಿ ಪುಟ್ಟ ಪ್ರೋಬ್ ಇರುವ ನಳಿಕೆಯನ್ನು ತೊಡೆಯಿಂದ ಮೇಲಿನ ದೊಡ್ಡ ವೇನಿನವರೆಗೆ ಒಯ್ದು, ನಿಧಾನಕ್ಕೆ ಹಿಂದೆ ಎಳೆಯುತ್ತಾ ಬರುತ್ತೇವೆ. ಅಡ್ಡ ಕೊಯ್ದು ನೋಡಿದ ಹಾಗೆ ಪ್ರತಿ ಮಿಲಿಮೀಟರೂ ಕಾಣುತ್ತದೆ. ಗೋಡೆ ದಪ್ಪ ಆಗಿದೆಯಾ, ಒಳಗೆ ಎಳೆ ಇದೆಯಾ, ಹಳೆಯ ಹೆಪ್ಪಿನ ಗಾಯ ಇದೆಯಾ, ವಿಸ್ತೀರ್ಣ ನಿಖರವಾಗಿ ಎಷ್ಟು, ಎಲ್ಲವೂ. ಡೈ ಹೆಚ್ಚುಕಮ್ಮಿ ಬೇಕಾಗುವುದಿಲ್ಲ. ಅಲ್ಲೇ ನಿಮಗೆ ಉಸಿರು ಬಿಗಿಹಿಡಿಯಲು ಹೇಳಿ, ಸಲೈನ್ ಕೊಟ್ಟು, ವೇನ್ ಅರಳುತ್ತದಾ ಅಂತ ನೋಡಬಹುದು. ನೂರು ರೋಗಿಗಳ ಮೇಲೆ ಅಮೆರಿಕ ಮತ್ತು ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ವಿಡಿಯೋ’ (VIDIO) ಅನ್ನುವ ಹೆಸರಿನ ಅಧ್ಯಯನದಲ್ಲಿ, ಮೂರು ಕೋನದ ವೆನೋಗ್ರಾಮ್ ನೋಡಿ ಮಾಡಿದ್ದ ಯೋಜನೆಯನ್ನು ಐವಸ್ ನೋಡಿದ ಮೇಲೆ 57 ಜನರಲ್ಲಿ ಬದಲಿಸಬೇಕಾಯಿತು. ಒಂದು ವಿಷಯ ಗಮನಿಸಿ: ಅವರೆಲ್ಲ ಚರ್ಮ ಕಪ್ಪಾಗಿ ಗಟ್ಟಿಯಾದವರು ಅಥವಾ ಹುಣ್ಣಾದವರು, ಸಂಜೆಯ ಊತ ಮಾತ್ರ ಇದ್ದವರಲ್ಲ. ಅದೇ ರೋಗಿಗಳನ್ನು ಮುಂದೆ ಹಿಂಬಾಲಿಸಿ ನೋಡಿದಾಗ, ವಿಸ್ತೀರ್ಣ ಸುಮಾರು 54%ಗಿಂತ ಜಾಸ್ತಿ ಇಳಿದವರಿಗೆ ಸ್ಟೆಂಟಿನಿಂದ ಲಾಭ ಆಗುವ ಸಾಧ್ಯತೆ ಜಾಸ್ತಿ ಅಂತ ಕಂಡಿತು. ಹೆಪ್ಪು ಆಗಿರದೆ ಬರೀ ಅಮುಕು ಇದ್ದವರಲ್ಲಿ ಗಡಿ ಇನ್ನೂ ಕಟ್ಟುನಿಟ್ಟು.

ಐವಸ್‌ಗೂ ಮೋಸ ಆಗುತ್ತದೆ. ಅಮುಕಿದ ಜಾಗದ ಕೆಳಗೆ ವೇನ್ ಉಬ್ಬಿಕೊಂಡಿದ್ದು, ಅದನ್ನೇ ಮಾಮೂಲಿ ಅಳತೆ ಅಂತ ಹೋಲಿಸಿದರೆ ಅಮುಕು ಜಾಸ್ತಿ ಕಾಣುತ್ತದೆ. ಹಳೆಯ ಹೆಪ್ಪಿನಿಂದ ಇಡೀ ವೇನ್ ಸೊರಗಿದ್ದರೆ ಕಿರಿದಾದದ್ದೇ ಗೊತ್ತಾಗುವುದಿಲ್ಲ. ಅದಕ್ಕೆ ಕೆಲವರು ಹೋಲಿಕೆ ಬಿಟ್ಟು, ಸಾಮಾನ್ಯ ಅಳತೆಗಳನ್ನೇ ಇಟ್ಟುಕೊಳ್ಳುತ್ತಾರೆ: ಮೇಲಿನ ಕಾಮನ್ ಇಲಿಯಾಕ್ ವೇನ್ 16 ಮಿಲಿಮೀಟರ್, ಅದರ ಕೆಳಗಿನ ಎಕ್ಸ್‌ಟರ್ನಲ್ ಇಲಿಯಾಕ್ 14, ತೊಡೆಸಂದಿಯದು 12. ಇನ್ನೊಂದು ಮಾತು. ಐವಸ್ ಅಂದಾಗ ಎಷ್ಟೋ ಆಸ್ಪತ್ರೆಗಳು ‘ನಮ್ಮ ಕ್ಯಾಥ್ ಲ್ಯಾಬಿನಲ್ಲಿ ಇದೆ’ ಅನ್ನುತ್ತವೆ. ಹೃದಯದ ಸಣ್ಣ ನಾಳಗಳಿಗೆ ಮಾಡಿದ ನಳಿಕೆ ಹತ್ತಿರದ್ದನ್ನು ಮಾತ್ರ ನೋಡುತ್ತದೆ, 16 ಮಿಲಿಮೀಟರ್ ವೇನಿಗೆ ಅದು ಸಾಲದು. ದೂರದವರೆಗೆ ನೋಡುವ, ಕಡಿಮೆ ಫ್ರೀಕ್ವೆನ್ಸಿಯ ನಳಿಕೆ ಬೇಕು. ಆಸ್ಪತ್ರೆ ಆರಿಸುವಾಗ ‘ದೊಡ್ಡ ವೇನ್‌ಗಳನ್ನು ನೋಡುವ ಐವಸ್ ಇದೆಯಾ’ ಅಂತಲೇ ಕೇಳಿ. ಆ ನಳಿಕೆ ದುಬಾರಿ, ಬಿಲ್ಲಿನಲ್ಲಿ ಅದು ಬೇರೆಯಾಗಿಯೇ ಬರುತ್ತದೆ, ಇನ್ಶೂರೆನ್ಸ್‌ನವರ ಹತ್ತಿರ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ.

ಸ್ಟೆಂಟ್ ಹಾಕುವುದೇ ಆದರೆ ಐವಸ್ ಬೇಕೇ ಬೇಕು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಕಾರಣ ಅಳತೆ. ಹೃದಯದ ಸ್ಟೆಂಟ್ ಮೂರು ನಾಲ್ಕು ಮಿಲಿಮೀಟರ್ ಅಗಲದ್ದು, ಕಿರಿದಾಗುತ್ತಾ ಹೋಗುವ ನಾಳದಲ್ಲಿ ಕೂರುತ್ತದೆ. ವೇನಿನಲ್ಲಿ ರಕ್ತ ಹೃದಯದ ಕಡೆ ಹರಿಯುತ್ತದೆ, ಮುಂದೆ ಮುಂದೆ ನಾಳ ಅಗಲ ಆಗುತ್ತಾ ಹೋಗುತ್ತದೆ. ಅಳತೆಗಿಂತ ಸಣ್ಣ ಅಥವಾ ಗಿಡ್ಡ ಸ್ಟೆಂಟ್ ಹಾಕಿದರೆ ಅದು ಜಾರಿ ಹೃದಯದೊಳಗೇ ಹೋಗಿ ಕೂತ ಪ್ರಸಂಗಗಳು ವರದಿಯಾಗಿವೆ. ತೆಗೆಯಲು ಕೆಲವರಿಗೆ ಎದೆ ತೆರೆದು ಆಪರೇಷನ್ ಮಾಡಬೇಕಾಯಿತು. 2021ರಲ್ಲಿ ವೇನಿಗೆಂದೇ ಮಾಡಿದ ಒಂದು ಬಗೆಯ ಸ್ಟೆಂಟನ್ನು ಈ ಜಾರುವ ತೊಂದರೆಯಿಂದಲೇ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಬರೀ ಅಮುಕು ಇರುವ, ಎಳೆಯಾಗಲಿ ಗಾಯವಾಗಲಿ ಇಲ್ಲದ, ಮೆತ್ತಗೆ ಅರಳುವ ವೇನಿನಲ್ಲಿ ಈ ಅಪಾಯ ಜಾಸ್ತಿ, ಯಾಕೆಂದರೆ ಸ್ಟೆಂಟನ್ನು ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಅಳೆದು ಹಾಕಿದ ಸ್ಟೆಂಟ್, ನೀರು ಕುಡಿದು ವೇನ್ ಅರಳಿದ ಮೇಲೆ ಸಡಿಲ ಆಗಬಹುದು. ಇನ್ನು ಸ್ಟೆಂಟಿನ ಮೇಲ್ತುದಿ ಸ್ವಲ್ಪ ಕೆಳಗೇ ನಿಂತರೆ ಅಪಧಮನಿಯ ಅಮುಕು ಹಾಗೇ ಉಳಿಯುತ್ತದೆ, ಜಾಸ್ತಿ ಮೇಲೆ ಹೋದರೆ ಬಲಗಾಲಿನ ವೇನಿನ ಬಾಯಿಗೆ ಅಡ್ಡ ಬರುತ್ತದೆ. ಆ ಕೂಡುವ ಜಾಗ ನಿಖರವಾಗಿ ಕಾಣುವುದು ಐವಸ್‌ನಲ್ಲೇ.

ಸರಿಯಾದ ಕಾಲಿಗೆ ಹಾಕಿದರೆ ಲಾಭ ದೊಡ್ಡದು. ಬ್ರೆಜಿಲ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐವಸ್‌ನಲ್ಲಿ 50%ಗಿಂತ ಜಾಸ್ತಿ ತಡೆ ಇದ್ದು ತುಂಬಾ ತೊಂದರೆಯಲ್ಲಿದ್ದವರನ್ನು ಎರಡು ಗುಂಪು ಮಾಡಿದರು. ಹತ್ತರಲ್ಲಿ ಎಂಟರಷ್ಟಿದ್ದ ನೋವು ಸ್ಟೆಂಟ್ ಹಾಕಿದವರಲ್ಲಿ ಎರಡೂವರೆಗೆ ಇಳಿಯಿತು, ಸ್ಟಾಕಿಂಗ್ಸ್ ಮತ್ತು ಮಾತ್ರೆಯವರಲ್ಲಿ ಏಳಕ್ಕೆ ಮಾತ್ರ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲಿಲ್ಲ, ಪರೀಕ್ಷಿಸಿದವರಿಗೂ ಗೊತ್ತಿರಲಿಲ್ಲ. ಚಿಕ್ಕ ಅಧ್ಯಯನವಾದರೂ ನಾನು ಅದಕ್ಕೆ ಬೆಲೆ ಕೊಡುವುದು ಆ ಕಾರಣಕ್ಕೆ. ನಿಮ್ಮದು ಸಂಜೆ ಬಂದು ಬೆಳಿಗ್ಗೆ ಇಳಿಯುವ ಊತ. ಚರ್ಮದ ಬಣ್ಣ ಬದಲಾಗಿದೆ, ಗಿಣ್ಣಿನ ಹತ್ತಿರ ಹುಣ್ಣಾಗಿದೆ ಅಂತ ನೀವು ಬರೆದಿಲ್ಲ. ನಿಮ್ಮ ವಯಸ್ಸಿಗೆ ಸ್ಟೆಂಟ್ ಒಳಗೆ ನಲವತ್ತು ಐವತ್ತು ವರ್ಷ ಇರಬೇಕು, ಅಷ್ಟು ದೀರ್ಘ ಕಾಲದ ಅನುಭವ ಈ ಸ್ಟೆಂಟ್‌ಗಳಿಗೆ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ನಿಂತು ಮಾಡುವ ಪೂರ್ತಿ ಡಾಪ್ಲರ್, ಸಾಧ್ಯವಾದರೆ ಊತ ಇರುವ ಸಂಜೆ ಹೊತ್ತಿನಲ್ಲಿ. ಊತಕ್ಕೆ ಬೇರೆ ಕಾರಣಗಳನ್ನೂ ನೋಡಿಸಿ. ಕರಾವಳಿ ಅಥವಾ ಕಲ್ಯಾಣ ಕರ್ನಾಟಕದ ಕಡೆ ಇದ್ದವರಾದರೆ ಆನೆಕಾಲು ರೋಗದ ಪರೀಕ್ಷೆ ಮಾಡಿಸಿ, ಅದು ಶುರುವಿನಲ್ಲಿ ಹೀಗೇ ಒಂದು ಕಾಲಿನಲ್ಲಿ ಬಂದು ಹೋಗುತ್ತಿರುತ್ತದೆ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದರಿಂದ ಕಾಲು ಊದುವುದು ತುಂಬಾ ಸಾಮಾನ್ಯ, ಎರಡೂ ಕಾಲಿನಲ್ಲಿ ಬಂದರೂ ಅಮುಕು ಇರುವ ಕಡೆ ಎದ್ದು ಕಾಣಬಹುದು. ಕಿಬ್ಬೊಟ್ಟೆಯಲ್ಲಿ ನಿಂತಾಗ ಭಾರ, ಮುಟ್ಟಿನ ಹೊತ್ತಿಗೆ ಅಥವಾ ಗಂಡನ ಜೊತೆ ಸೇರಿದ ಮೇಲೆ ಬಹಳ ಹೊತ್ತು ಉಳಿಯುವ ನೋವು, ಜನನಾಂಗದ ಹತ್ತಿರ ಉಬ್ಬಿದ ವೇನ್ ಇದ್ದರೆ ಸಂಕೋಚ ಬೇಡ, ಡಾಕ್ಟರಿಗೆ ಹೇಳಿ. ಹೆರಿಗೆಯ ನಂತರ ಅಂಡಾಶಯದ ವೇನ್‌ಗಳ ವಾಲ್ವ್ ಕೆಟ್ಟು ಅದೂ ಈ ಊತದ ಜೊತೆ ಸೇರಿರಬಹುದು. ಹೆಂಗಸರು ಇದನ್ನು ಹೇಳದೇ ವರ್ಷಗಟ್ಟಲೆ ಕಳೆಯುತ್ತಾರೆ, ನಾವು ಡಾಕ್ಟರುಗಳೂ ಬಾಯಿಬಿಟ್ಟು ಕೇಳುವುದಿಲ್ಲ, ಅದು ನನಗೆ ತುಂಬಾ ಬೇಸರದ ವಿಷಯ.

ಇದರ ಜೊತೆಗೆ ಮೂರರಿಂದ ಆರು ತಿಂಗಳು ಮೀನಖಂಡ ಅಳೆದು ಕೊಟ್ಟ ಕಂಪ್ರೆಷನ್ ಸ್ಟಾಕಿಂಗ್ಸ್ ಬಿಡದೆ ಹಾಕಿ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ. ತರಗತಿಯಲ್ಲಿ ಒಂದೇ ಕಡೆ ನಿಲ್ಲುವ ಬದಲು ಬೆಂಚುಗಳ ನಡುವೆ ಓಡಾಡಿ, ಮೀನಖಂಡದ ಸ್ನಾಯು ಹಿಂಡಿದರೇ ರಕ್ತ ಮೇಲೇರುವುದು. ಕಾಲಿನ ಮೇಲ್ಪದರದ ವೇನ್‌ನಲ್ಲಿ ವಾಲ್ವ್ ಕೆಟ್ಟಿದ್ದರೆ ಅದನ್ನು ಲೇಸರ್‌ನಲ್ಲಿ ಮುಚ್ಚಿಸುವುದು ಸ್ಟೆಂಟಿಗಿಂತ ಎಷ್ಟೋ ಹಗುರ ಕೆಲಸ. ಇಷ್ಟೆಲ್ಲ ಆದ ಮೇಲೂ ಬದುಕು ಕಷ್ಟ ಅನ್ನುವಷ್ಟು ಊತ, ನೋವು ಉಳಿದರೆ ಆಗ ಐವಸ್. ಐವಸ್‌ಗೆ ಒಪ್ಪಿಗೆ ಕೊಡುವಾಗಲೇ ಡಾಕ್ಟರ ಜೊತೆ ಮಾತಾಡಿಕೊಳ್ಳಿ: ವಿಸ್ತೀರ್ಣ ಗಡಿ ದಾಟಿದ್ದರೆ, ಸಲೈನ್ ಕೊಟ್ಟ ಮೇಲೂ ಹಾಗೇ ಇದ್ದರೆ ಮಾತ್ರ ಸ್ಟೆಂಟ್, ಇಲ್ಲದಿದ್ದರೆ ನಳಿಕೆ ತೆಗೆದು ಬನ್ನಿ ಅಂತ. ಸ್ಟೆಂಟ್ ಹಾಕಿಸಿಕೊಂಡರೆ ಕೆಲವು ವಾರ ಸೊಂಟನೋವು ಇರುತ್ತದೆ, ರಕ್ತ ತೆಳು ಮಾಡುವ ಮಾತ್ರೆ ಬೇಕಾಗುತ್ತದೆ, ಆಮೇಲೆ ಮೊದಲ ವರ್ಷ ಕೆಲವು ಸಲ, ನಂತರ ವರ್ಷಕ್ಕೊಮ್ಮೆ ಡಾಪ್ಲರ್. ಇನ್ನೊಂದು ಮಗು ಬೇಕು ಅಂತಿದ್ದರೆ ಮೊದಲೇ ಹೇಳಿ.

ಇಷ್ಟೂ ಹೇಳಿದ್ದು ಹೆಪ್ಪು ಇಲ್ಲದ ಕಾಲಿಗೆ. ಎಡಗಾಲು ಇದ್ದಕ್ಕಿದ್ದಂತೆ ತೊಡೆಯವರೆಗೆ ಊದಿ, ಬಿಗಿದು, ನೀಲಿ ಬಣ್ಣಕ್ಕೆ ತಿರುಗಿದರೆ ಅದು ಬೇರೆಯೇ ಲೆಕ್ಕ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಆಗ ಒಂದು ಗಂಟೆಯೂ ಕಾಯಬಾರದು. ನಿಮಗೆ ಈ ಅಮುಕು ಇರುವುದು ಗೊತ್ತಿರುವುದರಿಂದ ದೂರದ ಬಸ್ ಪ್ರಯಾಣ, ಆಪರೇಷನ್, ಗರ್ಭನಿರೋಧಕ ಮಾತ್ರೆ, ಈ ಮೂರರ ಮೊದಲು ನಿಮ್ಮ ಡಾಕ್ಟರಿಗೆ ಇದನ್ನು ತಿಳಿಸಿ. ಸಿಟಿಯ ರಿಪೋರ್ಟ್ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಜೊತೆಗೆ ಇಟ್ಟುಕೊಳ್ಳಿ. ಮುಂದೆ ಯಾರ ಹತ್ತಿರ ಹೋದರೂ ಅವರು ಸ್ವತಃ ಅಳೆದು ನೋಡಬೇಕಾಗುತ್ತದೆ.